ಕಲ್ಲಿನ ಕೊಟ್ಟಿಗೆ ಮನೆಯಾಗುವ ಬಗೆ

ಗಲ್ಫಿನಲ್ಲಿರುವ ನಮ್ಮಲ್ಲಿ ಅನೇಕರ ದುಡಿಮೆ ಕೊನೆಗೆ ಹೋಗಿ ಸೇರುವುದು ಊರಿನ ಮನೆಗೆ. ಹಳೆಯದನ್ನು ಕೆಡವಿ ಆರ್‌ಸಿಸಿ ಮನೆ ಎಬ್ಬಿಸುವುದೇ ಈಗ ರೂಢಿ. ಹಳೆ ಕಟ್ಟಡವನ್ನು ಉಳಿಸಿಕೊಂಡೇ ಮನೆ ಮಾಡಿಕೊಳ್ಳುವ ಜನರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿರುವ ಟಿಚಿನೊ ಪ್ರಾಂತ್ಯದಲ್ಲಿ ಅದು ದೊಡ್ಡ ಕೆಲಸವೇ ಆಗಿದೆ. ಅಲ್ಲಿನ ಕಥೆ ನಮಗೆ ಅಪರಿಚಿತ ಅನಿಸಲಾರದು.

ಇಟಾಲಿಯನ್ ಮಾತನಾಡುವ ಈ ನಾಡಿನ ವೆರ್ಜಾಸ್ಕಾ, ಮಾಜ್ಜಾ ಕಣಿವೆಗಳಲ್ಲಿ ಬೆಟ್ಟದ ಮೈಗೆ ಅಂಟಿಕೊಂಡಂತೆ ಕಲ್ಲಿನ ಕೊಟ್ಟಿಗೆಗಳಿವೆ. ಅವನ್ನು ‘ರುಸ್ತಿಕೊ’ ಎನ್ನುತ್ತಾರೆ. ಕೆಳಗೆ ದನ, ಮೇಲೆ ಹುಲ್ಲಟ್ಟ. ಇಳಿಜಾರಿನಲ್ಲಿ ಕಟ್ಟಿದ್ದರಿಂದ ದನ ಕೆಳಬದಿಯ ಬಾಗಿಲಿನಿಂದ ಒಳಗೆ ಹೋಗುತ್ತದೆ, ಹುಲ್ಲಿನ ಹೊರೆ ಮೇಲ್ಬದಿಯಿಂದ ನೇರ ಅಟ್ಟ ಸೇರುತ್ತದೆ. ಏಣಿಯ ಕೆಲಸವೇ ಇಲ್ಲ! ಗಾರೆಯಿಲ್ಲದೆ ಜೋಡಿಸಿದ ದಪ್ಪ ಕಲ್ಲಿನ ಗೋಡೆ, ಚೆಸ್ಟ್‌ನಟ್ ಮರದ ತೊಲೆ, ಮಾಡಿಗೆ ಹಂಚಿನ ಬದಲು ಕಲ್ಲಿನ ಚಪ್ಪಡಿ.

ಇವು ಖಾಲಿಯಾದದ್ದು ಹೇಗೆ? 1850ರ ದಶಕದಲ್ಲಿ ಈ ಕಣಿವೆಗಳ ಗಂಡಸರು ಸಾಲ ಮಾಡಿ ಹಡಗು ಹತ್ತಿದರು. ಮೊದಲು ಆಸ್ಟ್ರೇಲಿಯಾದ ಚಿನ್ನದ ಗಣಿಗಳಿಗೆ, ನಂತರ ಕ್ಯಾಲಿಫೋರ್ನಿಯಾಕ್ಕೆ. ಊರಿನಲ್ಲಿ ಹಾಲು ಕರೆಯುತ್ತಿದ್ದವರೇ ಅಲ್ಲಿ ಪರರ ಡೈರಿಗಳಲ್ಲಿ ಹಾಲು ಕರೆದರು. ವೀಸಾಕ್ಕೆಂದು ಒಡವೆ ಅಡವಿಟ್ಟು ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಉಳಿದವರೂ ಪೇಟೆಯ ಕೆಲಸಕ್ಕೆ ಇಳಿದರು. ದನ ಹೋಯಿತು, ಕೊಟ್ಟಿಗೆ ನಿಂತಿತು.

ಆಮೇಲೆ ಪೇಟೆಯವರಿಗೆ ಇವೇ ರಜೆಯ ಮನೆಗಳಾಗಿ ಕಂಡವು. ಆದರೆ ಕೊಂಡವರೆಲ್ಲ ಮನೆ ಮಾಡಿಕೊಳ್ಳುವಂತಿಲ್ಲ. 1980ರಲ್ಲಿ ಜಾರಿಗೆ ಬಂದ ಸ್ವಿಸ್ ಭೂಯೋಜನಾ ಕಾಯ್ದೆ ಕಟ್ಟಡ ವಲಯವನ್ನು ಕೃಷಿಭೂಮಿಯಿಂದ ಬೇರ್ಪಡಿಸಿತು. ಕೊಟ್ಟಿಗೆಗಳಲ್ಲಿ ಹೆಚ್ಚಿನವು ಈ ಗೆರೆಯಾಚೆ ಉಳಿದವು. ಹಾಗಾಗಿ ಪ್ರಾಂತ್ಯದವರು ಅವನ್ನೆಲ್ಲ ಪಟ್ಟಿ ಮಾಡಿ, ಉಳಿಸಲು ಯೋಗ್ಯವಾದವಕ್ಕೆ ಮಾತ್ರ ಅನುಮತಿ ಕೊಡುತ್ತಾರೆ. ಅದೂ ಹೊರರೂಪ ಬದಲಿಸಬಾರದೆಂಬ ಷರತ್ತಿನ ಮೇಲೆ. ಮಾಡು ಕುಸಿದು ಗೋಡೆ ಉರುಳಿದ್ದರೆ ಅದು ಬರೀ ಹಾಳು ಕಟ್ಟಡ, ಮತ್ತೆ ಕಟ್ಟುವಂತಿಲ್ಲ. ಅಂದರೆ ಅಲ್ಲಿ ಒಂದು ಸೋರುವ ಮಾಡು ಬರೀ ರಿಪೇರಿಯ ಖರ್ಚಲ್ಲ, ಮನೆಯಾಗುವ ಹಕ್ಕನ್ನೇ ತಿಂದುಹಾಕುತ್ತದೆ. ನಿಯಮ ಬಿಗಿಯಾಯಿತೆನ್ನುವವರು ಇದ್ದಾರೆ. ನನಗೇನೋ ಅದರಲ್ಲಿ ನ್ಯಾಯವಿದೆ ಅನಿಸುತ್ತದೆ. ಇಲ್ಲದಿದ್ದರೆ ಆ ಬೆಟ್ಟಗಳ ತುಂಬ ಬಣ್ಣದ ವಿಲ್ಲಾಗಳಿರುತ್ತಿದ್ದವು.

ಸೈಟಿನಲ್ಲಿ ಕೆಲಸ ಮಾಡುವ ನಮ್ಮವರಿಗೆ ಅಲ್ಲಿನ ಕಟ್ಟುವ ಕ್ರಮ ಇಷ್ಟವಾದೀತು. ಮೊದಲು ಮಾಡು. ಚದರ ಮೀಟರಿಗೆ ನೂರಾರು ಕಿಲೋ ತೂಗುವ ಚಪ್ಪಡಿಗಳನ್ನು ಇಳಿಸಿ, ಹುಳು ಹಿಡಿದ ತೊಲೆ ಬದಲಿಸಿ, ಅದೇ ಕಲ್ಲುಗಳನ್ನು ಮತ್ತೆ ಹೊದಿಸುತ್ತಾರೆ. ಎಷ್ಟೋ ಕಡೆ ರಸ್ತೆ ಇಲ್ಲ, ಸಾಮಾನು ಬರುವುದು ಹೆಲಿಕಾಪ್ಟರಿನಲ್ಲಿ. ಗುಡ್ಡಕ್ಕೆ ತಾಗಿದ ಹಿಂಬದಿಯ ಗೋಡೆಯ ಆಚೆ ಕಾಲುವೆ ತೋಡಿ ನೀರನ್ನು ಬದಿಗೆ ತಿರುಗಿಸುತ್ತಾರೆ. ಕೊಟ್ಟಿಗೆಯ ಎತ್ತರ ಸಾಲದು, ಆದರೆ ತಳ ಅಗೆದರೆ ಅಡಿಪಾಯವಿಲ್ಲದ ಗೋಡೆ ಜಾರುವ ಭಯ. ಅದಕ್ಕೇ ತುಂಡು ತುಂಡಾಗಿ ಅಗೆದು ಅಡಿಯಿಂದ ಆಸರೆ ಕೊಡುತ್ತಾ ಹೋಗಬೇಕು.

ತಲೆಮಾರುಗಳ ಕಾಲ ಸಗಣಿ, ಗಂಜಲ ಹೀರಿದ ಗೋಡೆಯಲ್ಲಿ ಉಪ್ಪು ಸೇರಿರುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿ, ಬಿಳಿ ಪುಡಿ ಹೊರಬಂದು, ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಇಲ್ಲಿನ ಕಡಲ ಬದಿಯ ಕಟ್ಟಡಗಳ ಬುಡದಲ್ಲಿ ಅದನ್ನು ನೋಡಿಯೇ ಇರುತ್ತೀರಿ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಇನ್ನು ಕೆಲವರು ಕಲ್ಲಿನ ಗೋಡೆಯ ತಂಟೆಗೇ ಹೋಗದೆ, ಅದರೊಳಗೆ ಮರದ ಇನ್ನೊಂದು ಪೆಟ್ಟಿಗೆಯಂಥ ಮನೆ ಕೂರಿಸುತ್ತಾರೆ. ಹೊರಗಿನಿಂದ ಅದೇ ಹಳೆ ಕೊಟ್ಟಿಗೆ, ಒಳಗೆ ಬೆಚ್ಚಗಿನ ಕೋಣೆ.

ಸ್ವಿಟ್ಜರ್ಲೆಂಡಿಗೂ ನಮ್ಮ ಮಾಡುಗಳಿಗೂ ಹಳೆಯ ನಂಟಿದೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಅಲ್ಲಿನ ಬಾಸೆಲ್ ಊರಿನ ಮಿಷನ್. ಕರಾವಳಿಯಲ್ಲೂ ಮಲೆನಾಡಿನಲ್ಲೂ ಆ ಹಂಚಿನ ಕೆಳಗೆ ಬೀಗ ಹಾಕಿದ ಮನೆಗಳು, ದನವಿಲ್ಲದ ಹಟ್ಟಿಗಳು ಈಗ ಬೇಕಾದಷ್ಟಿವೆ. ಹಟ್ಟಿಯನ್ನೇ ಮನೆಯೋ ಹೋಮ್‌ಸ್ಟೇಯೋ ಮಾಡುವ ಯೋಚನೆ ಇದ್ದರೆ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಭೂ ಪರಿವರ್ತನೆ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕಾಗದಪತ್ರ ಆಗುವವರೆಗೆ ಹಂಚು ಕಾಯುವುದಿಲ್ಲ. ಒಡೆದ ಒಂದು ಹಂಚಿನಿಂದ ಇಳಿದ ನೀರು ಎರಡು ಮಳೆಗಾಲದಲ್ಲಿ ಪಕ್ಕಾಸನ್ನು ಕುಂಬಾಗಿಸುತ್ತದೆ. ಮೇ ತಿಂಗಳಲ್ಲಿ ರಜೆ ಸಿಕ್ಕವರು ಮಾಡಿಗೆ ಕೈಯಾಡಿಸುವ ಆಳಿಗೆ ಇಲ್ಲಿಂದಲೇ ಫೋನ್ ಮಾಡಿ ಹೇಳಿಡಿ. ಆ ಕೆಲಸ ಬಲ್ಲವರು ಊರಿನಲ್ಲಿ ಈಗ ಕಡಿಮೆ, ಮಳೆಗೆ ಮುಂಚೆ ಎಲ್ಲರಿಗೂ ಅವರೇ ಬೇಕು.