ಆಸ್ಪತ್ರೆಯಲ್ಲಿ ದಾರಿ ತೋರುವ ಫಲಕಗಳು

ಪಯಣಿಗನು ದಾರಿ ತಪ್ಪಿದರೆ ಹೊತ್ತು ಹೋಗುವುದು. ರೋಗಿಯು ಆಸ್ಪತ್ರೆಯೊಳಗೆ ದಾರಿ ತಪ್ಪಿದರೆ ಕೆಲವು ವೇಳೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಗೋಡೆಯ ಮೇಲಣ ಫಲಕವು ಅಲಂಕಾರವಲ್ಲ, ಚಿಕಿತ್ಸೆಯ ಮೊದಲನೆಯ ಅಂಗವೆಂದು ವಾಚಕರು ತಿಳಿಯತಕ್ಕದ್ದು.

ನಮ್ಮ ನರೋಣಾದಲ್ಲಿ ನೆರೆಮನೆಯ ರೈತನೊಬ್ಬನು ನನ್ನ ಹಳೆಯ ಶಿಷ್ಯ. ಅವನ ತಂದೆಯು ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದನು. ಅಲ್ಲಿ 'ಅಸ್ಥಿಚಿಕಿತ್ಸಾ ವಿಭಾಗ' ಎಂಬ ಫಲಕದ ಎದುರಿನಲ್ಲಿಯೇ ಮುದುಕನನ್ನು ಮಲಗಿಸಿ, ತಾನು ಎರಡು ತಾಸು ಬೇರೊಂದು ಸಾಲಿನಲ್ಲಿ ನಿಂತನಂತೆ. "ಮಾಸ್ತರ್ರೇ, ಬೋರ್ಡೆಲ್ಲ ಓದೀನ್ರಿ, ಎಲುಬು ಅಂತ ಎಲ್ಲೂ ಬರ್ದಿರಲಿಲ್ರಿ" ಎಂದನು. ಅವನಿಗೆ ಅಕ್ಷರ ಕಲಿಸಿದವನು ನಾನೇ. ಸಂಸ್ಕೃತಪದವೇ ಭಾಷೆಗೆ ಗೌರವವೆಂದು ಬೋಧಿಸಿದವನೂ ನಾನೇ. ಮುದುಕನು ಗುಣಹೊಂದಿದನು, ನನ್ನ ನಾಚಿಕೆ ಮಾತ್ರ ಉಳಿಯಿತು.

ಆದುದರಿಂದ ಮೊದಲನೆಯ ನಿಯಮವಿದು: ರೋಗಿಯ ಬಾಯಲ್ಲಿರುವ ಮಾತೇ ಫಲಕದ ಮೇಲಿರಬೇಕು. 'ನೇತ್ರ'ಕ್ಕಿಂತ 'ಕಣ್ಣು', 'ಪ್ರಸೂತಿ'ಗಿಂತ 'ಹೆರಿಗೆ' ಲೇಸು. ಒಂದು ಕಡೆ ಬರೆದ ಹೆಸರನ್ನೇ ಎಲ್ಲ ಕಡೆಯೂ ಬರೆಯಬೇಕು. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಸೀಮೆಯಲ್ಲಿ ಕನ್ನಡದೊಡನೆ ಉರ್ದು, ಮರಾಠಿಗಳೂ ಇದ್ದರೆ ಉಪಕಾರ.

ಎರಡನೆಯದು ಸ್ಥಳ. ದಾರಿ ಕವಲೊಡೆಯುವಲ್ಲಿ ಫಲಕವಿಲ್ಲದೆ, ಕೊನೆಯ ಬಾಗಿಲ ಮೇಲೆ ಮಾತ್ರ ಇದ್ದರೆ ಪ್ರಯೋಜನವೇನು? ಮೂರನೆಯದು ಅಕ್ಷರದ ಗಾತ್ರ. ನಿರ್ದೋಷವಾದ ಕಣ್ಣು 6 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಗುರುತಿಸಬಲ್ಲದು. ಮುದಿಗಣ್ಣಿಗೆ, ಅದರಲ್ಲಿಯೂ ನಮ್ಮ ಸಣ್ಣ ಒತ್ತಕ್ಷರಗಳಿಗೆ, ಅದರ ಹಲವು ಪಟ್ಟು ಬೇಕು.

ಓದು ಬಾರದವರ ಗತಿಯೇನು? 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 65 ಮಂದಿ. ಮೆಕ್ಸಿಕೋ ನಗರದಲ್ಲಿ 1969ರಲ್ಲಿ ಸುರಂಗ ರೈಲು ಆರಂಭವಾದಾಗ, ಓದಲಾರದವರೂ ಇಳಿಯುವ ಸ್ಥಳವನ್ನು ಅರಿಯಲೆಂದು ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರವನ್ನಿಟ್ಟರು. ಹಾಗೆಯೇ ಕಣ್ಣು, ಹಲ್ಲು, ಎಲುಬು, ತಾಯಿ-ಮಗುವಿನ ಚಿತ್ರಗಳೂ, ನೆಲದ ಮೇಲೆ ಬಣ್ಣದ ಗೆರೆಗಳೂ ನಡೆಸಿಕೊಂಡು ಹೋಗಬಲ್ಲವು. ಆದರೆ ಕೆಂಪು ಹಸಿರುಗಳ ಭೇದ ಕಾಣದವರೂ ಉಂಟು, ಬಣ್ಣವೊಂದನ್ನೇ ನಂಬಬಾರದು.

ಫಲಕ ಬರೆಯಿಸುವವರಿಗೆ ಒಂದು ಸುಲಭ ಪರೀಕ್ಷೆ: ಹಳ್ಳಿಯ ಹತ್ತು ಮಂದಿಯನ್ನು ಬಾಗಿಲಲ್ಲಿ ನಿಲ್ಲಿಸಿ, "ಎಲುಬಿನ ವೈದ್ಯರಲ್ಲಿಗೆ ಹೋಗಿರಿ" ಎನ್ನಲಿ. ಅವರು ಯಾರನ್ನೂ ಕೇಳದೆ ತಲುಪಿದರೆ ಫಲಕ ಸರಿ. ತಡವರಿಸಿದರೆ, ತಿದ್ದಬೇಕಾದುದು ಫಲಕವನ್ನೇ ಹೊರತು ಅವರನ್ನಲ್ಲ.