ಬ್ಯಾಕಪ್ ತೆಗೆಯುವವರು ಯಾರು, ಮರಳಿಸುವವರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಪಹಣಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ತಂಬಾಕು ಬೆಳೆಗೆ ಬ್ಯಾಂಕಿನ ಸಾಲ ಬೇಕಾದರೂ, ಭತ್ತದ ಗದ್ದೆಯನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡರೂ ಮೊದಲು ಕೇಳುವುದು ಪಹಣಿಯನ್ನೇ. ಒಂದು ಕಾಲದಲ್ಲಿ ಇದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ ಕೈಬರಹದಲ್ಲಿತ್ತು. ಸುಮಾರು 2000ದಿಂದೀಚೆಗೆ ‘ಭೂಮಿ’ ಯೋಜನೆಯಡಿ ಅದು ಗಣಕಕ್ಕೆ ಬಂದಿತು. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಹೀಗೆ ಗಣಕೀಕರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವ ವ್ಯವಸ್ಥೆ ಅಂದು ದೊಡ್ಡ ಸುದ್ದಿಯಾಗಿತ್ತು.

ಭೂಮಿ ತಂತ್ರಾಂಶದಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಏರ್ಪಾಡಿದೆ. ದಾಖಲೆಯನ್ನು ಬದಲಿಸುವ ಅಧಿಕಾರಿ ಗುಪ್ತಪದವನ್ನಷ್ಟೇ ಕೊಟ್ಟರೆ ಸಾಲದು, ಬೆರಳಚ್ಚನ್ನೂ ಕೊಡಬೇಕು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಬಿಡಬಹುದು, ಬೆರಳನ್ನು ಹಾಗೆ ಕೊಡಲಾಗದು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದೂ ದಾಖಲಾಗುತ್ತದೆ. ಆ ಬಳಿಕ ತಾಲ್ಲೂಕುಗಳ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸ್ಥಳಾಂತರಗೊಂಡಿತು.

ಮುಂಬಾಗಿಲಿಗೆ ಇಷ್ಟು ಭದ್ರವಾದ ಬೀಗ ಹಾಕಿದರೂ ಇಂತಹ ಯಾವುದೇ ವ್ಯವಸ್ಥೆಗೆ ಹಿತ್ತಲ ಬಾಗಿಲೊಂದು ಇದ್ದೇ ಇರುತ್ತದೆ. ಅದೇ ಬ್ಯಾಕಪ್. ಪ್ರತಿ ರಾತ್ರಿ ದತ್ತಾಂಶದ ಪ್ರತಿ ತೆಗೆಯುವ ತಂತ್ರಾಂಶವು ಅಧಿಕಾರಿಯ ಬೆರಳಚ್ಚನ್ನು ಕೇಳುವುದಿಲ್ಲ. ಅದು ಎಲ್ಲವನ್ನೂ ಓದಬಲ್ಲದು. ಮರಳಿಸುವಾಗ ಎಲ್ಲವನ್ನೂ ಬರೆಯಬಲ್ಲದು. ಆ ಬಾಗಿಲಿನ ಕೀಲಿ ಯಾರ ಬಳಿ ಇರಬೇಕು?

ಮೊದಲು ವರ್ಚುವಲ್ ಯಂತ್ರವೆಂದರೇನೆಂದು ನೋಡೋಣ. ಒಂದೇ ಭೌತಿಕ ಗಣಕದ ಪ್ರೊಸೆಸರು, ಸ್ಮೃತಿ, ಡಿಸ್ಕುಗಳನ್ನು ತಂತ್ರಾಂಶದ ಮೂಲಕ ಹಂಚಿ, ಪ್ರತಿಯೊಂದು ಭಾಗವೂ ತಾನೇ ಸ್ವತಂತ್ರ ಗಣಕವೆಂಬಂತೆ ವರ್ತಿಸುವಂತೆ ಮಾಡಿದಾಗ ವರ್ಚುವಲ್ ಯಂತ್ರ ದೊರೆಯುತ್ತದೆ. ಹಂಚುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಇದು ಹೊಸ ಕಲ್ಪನೆಯಲ್ಲ. ಐಬಿಎಂ ಸಂಸ್ಥೆಯ ದೊಡ್ಡ ಗಣಕಗಳಲ್ಲಿ 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆಯಿತ್ತು. ಈಗ ಸಾಮಾನ್ಯ ಮೇಜುಗಣಕದಲ್ಲೂ ವರ್ಚುವಲ್‌ಬಾಕ್ಸ್ ಮೂಲಕ ಎರಡು ಮೂರು ವರ್ಚುವಲ್ ಯಂತ್ರಗಳನ್ನು ನಡೆಸಬಹುದು.

ವರ್ಚುವಲ್ ಯಂತ್ರದ ಡಿಸ್ಕು ಹೊರಗಿನಿಂದ ನೋಡಿದರೆ ಒಂದು ದೊಡ್ಡ ಕಡತ ಮಾತ್ರ. ಆ ಕಡತವನ್ನು ನಕಲು ಮಾಡಿದರೆ ಬ್ಯಾಕಪ್ ಆಯಿತಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಂದು ಲೆಕ್ಕ ಹಾಕೋಣ. 500 ಗಿಗಾಬೈಟ್ ಗಾತ್ರದ ಡಿಸ್ಕನ್ನು ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ನಕಲಿಸಲು 5000 ಸೆಕೆಂಡು, ಅಂದರೆ ಸುಮಾರು 83 ನಿಮಿಷ ಬೇಕು. ಅಷ್ಟರಲ್ಲಿ ದಾಖಲೆಗಳು ಬದಲಾಗುತ್ತಲೇ ಇರುತ್ತವೆ. ಓಡುವ ಬಸ್ಸಿನ ಚಿತ್ರವನ್ನು ಕ್ಯಾಮರಾದ ಬಾಗಿಲು ಬಹುಹೊತ್ತು ತೆರೆದಿಟ್ಟು ತೆಗೆದರೆ ಹೇಗಿರುತ್ತದೋ ಈ ಪ್ರತಿಯೂ ಹಾಗೆಯೇ ಕಲಸಿಹೋಗಿರುತ್ತದೆ. ಹೈಪರ್‌ವೈಸರ್ ಒಂದು ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿಯಬಲ್ಲದು, ಆದರೆ ಅದೂ ವಿದ್ಯುತ್ ಹಠಾತ್ತನೆ ಹೋದಾಗಿನ ಸ್ಥಿತಿಗೆ ಸಮ. ಸ್ಮೃತಿಯಲ್ಲಿದ್ದು ಡಿಸ್ಕಿಗೆ ಇಳಿಯದ ದತ್ತಾಂಶ ಅದರಲ್ಲಿ ಸಿಗದು.

ಆದುದರಿಂದಲೇ ಯಂತ್ರದ ಒಳಗೊಬ್ಬ ಪ್ರತಿನಿಧಿ ಬೇಕಾಗುತ್ತದೆ. ಇವನೇ ಏಜೆಂಟ್. ಬ್ಯಾಕಪ್ ಆರಂಭವಾಗುವ ಮುನ್ನ ಈ ಪುಟ್ಟ ತಂತ್ರಾಂಶ ದತ್ತಸಂಚಯಕ್ಕೆ ಸೂಚನೆ ಕೊಡುತ್ತದೆ: ಕೈಯಲ್ಲಿರುವುದನ್ನು ಡಿಸ್ಕಿಗೆ ಬರೆದು ಕ್ಷಣಕಾಲ ನಿಲ್ಲು. ವಿಂಡೋಸ್‌ನಲ್ಲಿ ಈ ಕೆಲಸ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಸೇವೆಯ ಮೂಲಕ ನಡೆಯುತ್ತದೆ. ಅದು ಬರವಣಿಗೆಯನ್ನು ಹೆಚ್ಚೆಂದರೆ 10 ಸೆಕೆಂಡು ತಡೆಹಿಡಿಯುತ್ತದೆ. ಆ ಅವಧಿಯಲ್ಲಿ ಹಿಡಿದ ಚಿತ್ರ ಸ್ಪಷ್ಟವಾಗಿರುತ್ತದೆ.

ತೊಡಕು ಹೆಚ್ಚಾಗಿ ಏಜೆಂಟನ್ನು ಸ್ಥಾಪಿಸುವಾಗಲೇ ಆರಂಭವಾಗುತ್ತದೆ. ಸ್ಥಾಪನೆಗೆ ಆಡಳಿತಗಾರರ ಅನುಮತಿ ಬೇಕು. ಕೇಂದ್ರ ಗಣಕದಲ್ಲಿ ಕುಳಿತು ಜಾಲದ ಮೂಲಕ ಏಜೆಂಟನ್ನು ತಳ್ಳಲು ಹೋದರೆ, ಆಡಳಿತಗಾರರ ಗುಂಪಿಗೆ ಸೇರಿದ ಸ್ಥಳೀಯ ಖಾತೆಯನ್ನೇ ಕೊಟ್ಟರೂ ಎಷ್ಟೋ ಬಾರಿ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತದೆ. ಜಾಲದ ಮೂಲಕ ಬಂದ ಸ್ಥಳೀಯ ಖಾತೆಯ ಆಡಳಿತಾಧಿಕಾರವನ್ನು ವಿಂಡೋಸ್ ತಾನಾಗಿಯೇ ಕತ್ತರಿಸುವುದು ಇದಕ್ಕೆ ಕಾರಣ. ಇದು ದೋಷವಲ್ಲ, ರಕ್ಷಣೆಯ ಕ್ರಮ. ಬೇಸತ್ತ ತಂತ್ರಜ್ಞರು ಆಗ ಇಡೀ ಜಾಲಕ್ಕೆ ಒಡೆಯನಾದ ಡೊಮೇನ್ ಆಡಳಿತಗಾರರ ಖಾತೆಯನ್ನೇ ಎಲ್ಲ ಯಂತ್ರಗಳ ಬ್ಯಾಕಪ್‌ಗೂ ಕೊಟ್ಟುಬಿಡುತ್ತಾರೆ. ಕೆಲಸ ಕೂಡಲೇ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಆ ಒಂದು ಗುಪ್ತಪದ ಸೋರಿದರೆ ಎಲ್ಲ ಯಂತ್ರಗಳೂ ಹೋದಂತೆಯೇ. ಸರಿಯಾದ ದಾರಿ ತುಸು ನಿಧಾನದ್ದು. ಆ ಯಂತ್ರದಲ್ಲಿ ಮಾತ್ರ ಆಡಳಿತಾಧಿಕಾರವಿರುವ ಪ್ರತ್ಯೇಕ ಡೊಮೇನ್ ಖಾತೆಯಿಂದ ಏಜೆಂಟನ್ನು ಸ್ಥಾಪಿಸಿ, ಕೆಲಸ ಮುಗಿದ ಮೇಲೆ ಆ ಅಧಿಕಾರವನ್ನು ಹಿಂತೆಗೆದುಕೊಳ್ಳಬೇಕು. ದಿನನಿತ್ಯ ಏಜೆಂಟ್ ಸಾಮಾನ್ಯವಾಗಿ ‘ಲೋಕಲ್ ಸಿಸ್ಟಂ’ ಖಾತೆಯಡಿ ನಡೆಯುತ್ತದೆ. ಅದಕ್ಕೆ ಆ ಯಂತ್ರದೊಳಗೆ ಪೂರ್ಣ ಅಧಿಕಾರವಿದೆ, ಆದರೆ ಯಾರೂ ಟೈಪ್ ಮಾಡುವ ಗುಪ್ತಪದವಿಲ್ಲ.

ಇನ್ನು ಓದುವ ಅಧಿಕಾರ, ಬರೆಯುವ ಅಧಿಕಾರಗಳ ವಿಚಾರ. ವಿಂಡೋಸ್‌ನಲ್ಲಿ ಕಡತಗಳನ್ನು ಬ್ಯಾಕಪ್ ಮಾಡುವ ಹಕ್ಕು, ಮರಳಿಸುವ ಹಕ್ಕು ಎರಡೂ ಬೇರೆ ಬೇರೆ. ಮೊದಲನೆಯದು ಕಡತದ ಮೇಲಿನ ನಿರ್ಬಂಧವನ್ನು ಲೆಕ್ಕಿಸದೆ ಓದಲು ಬಿಡುತ್ತದೆ. ಎರಡನೆಯದು ನಿರ್ಬಂಧವನ್ನು ಲೆಕ್ಕಿಸದೆ ಬರೆಯಲು ಬಿಡುವುದಲ್ಲದೆ ಕಡತದ ಒಡೆತನವನ್ನೂ ಬದಲಿಸಲು ಬಿಡುತ್ತದೆ. ಆದರೆ ‘ಬ್ಯಾಕಪ್ ಆಪರೇಟರ್ಸ್’ ಗುಂಪಿಗೆ ಸೇರಿಸಿದವರಿಗೆ ಎರಡೂ ಒಟ್ಟಿಗೇ ದೊರೆಯುತ್ತವೆ. ಹೆಸರು ನೋಡಿ ಇದು ಚಿಕ್ಕ ಹುದ್ದೆಯೆಂದು ತಿಳಿಯಬಾರದು. ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಸಂಚಯ ತಂತ್ರಾಂಶ ಇನ್ನೂ ಜಾಗರೂಕ. ಅದರಲ್ಲಿ ಡಿಬಿ ಬ್ಯಾಕಪ್ ಆಪರೇಟರ್ ಎಂಬ ಪಾತ್ರ ಪಡೆದವರು ಬ್ಯಾಕಪ್ ತೆಗೆಯಬಲ್ಲರು, ಮರಳಿಸಲಾರರು. ಬ್ಯಾಕಪ್ ನಿತ್ಯ ಯಶಸ್ವಿಯಾಗುತ್ತಿದ್ದು, ಅವಘಡದ ದಿನ ಮರಳಿಸಲು ಹೋದಾಗ ಅನುಮತಿ ಇಲ್ಲವೆಂದು ತಿಳಿಯುವುದು ಇದರಿಂದಲೇ. ಆ ಗಡಿಬಿಡಿಯಲ್ಲಿ ಸಿಕ್ಕವರಿಗೆಲ್ಲ ಪೂರ್ಣಾಧಿಕಾರ ಕೊಡಲಾಗುತ್ತದೆ, ಮತ್ತೆ ಹಿಂತೆಗೆದುಕೊಳ್ಳಲು ಯಾರಿಗೂ ನೆನಪಿರುವುದಿಲ್ಲ.

ಮರಳಿಸುವ ಹಕ್ಕನ್ನು ಬೇರೆಯಾಗಿಡಬೇಕೆನ್ನಲು ಪಹಣಿಯೇ ಒಳ್ಳೆಯ ಉದಾಹರಣೆ. ಹೆಗ್ಗಡದೇವನಕೋಟೆಯ ಒಂದು ಊರಿನಲ್ಲಿ ಸೋಮವಾರ ತಂದೆಯ ಹೆಸರಿನ ಜಮೀನು ಇಬ್ಬರು ಮಕ್ಕಳ ಹೆಸರಿಗೆ ಖಾತೆಯಾಯಿತು ಎಂದಿಟ್ಟುಕೊಳ್ಳೋಣ. ಬುಧವಾರ ದತ್ತಸಂಚಯ ಕೆಟ್ಟಿತು. ಯಾರೋ ಭಾನುವಾರದ ಬ್ಯಾಕಪ್ಪನ್ನು ಮರಳಿಸಿದರು. ಪಹಣಿಯಲ್ಲಿ ಮತ್ತೆ ತಂದೆಯ ಹೆಸರೇ ಬಂದಿತು. ಯಾರೂ ಏನನ್ನೂ ತಿದ್ದಲಿಲ್ಲ, ಬೆರಳಚ್ಚಿನ ಅಗತ್ಯವೂ ಬೀಳಲಿಲ್ಲ. ಬದಲಾವಣೆಗಳ ದಿನಚರಿಯೂ ಅದೇ ದತ್ತಸಂಚಯದಲ್ಲಿದ್ದರೆ ಅದೂ ಭಾನುವಾರಕ್ಕೇ ಹಿಂದಿರುಗಿರುತ್ತದೆ. ಸೋಮವಾರದ ಕೆಲಸ ನಡೆದೇ ಇಲ್ಲವೆಂಬಂತೆ! ಇದು ಅಚಾತುರ್ಯದಿಂದಲೂ ಆಗಬಹುದು, ಬೇಕೆಂದೇ ಮಾಡಿದರೂ ಹೀಗೆಯೇ ಕಾಣುತ್ತದೆ. ಆದ್ದರಿಂದ ವ್ಯವಹಾರಗಳ ಲಾಗನ್ನು ಆಗಾಗ್ಗೆ ಬೇರೆಯಾಗಿ ಬ್ಯಾಕಪ್ ಮಾಡಬೇಕು. ಭಾನುವಾರದ ಪ್ರತಿಯ ಮೇಲೆ ಆ ಲಾಗನ್ನು ನಡೆಸಿದರೆ ಬುಧವಾರದ ಆ ಕ್ಷಣದವರೆಗೂ ಬರಬಹುದು. ಬದಲಾವಣೆಗಳ ದಿನಚರಿ ಬೇರೊಂದು ಯಂತ್ರದಲ್ಲಿರಬೇಕು. ಮರಳಿಸಲು ಇಬ್ಬರ ಒಪ್ಪಿಗೆ ಬೇಕು. ಖಾತೆ ಬದಲಾವಣೆಯಲ್ಲಿ ಒಬ್ಬರು ಪರಿಶೀಲಿಸಿ ಇನ್ನೊಬ್ಬರು ಆದೇಶಿಸುವ ಕಂದಾಯ ಇಲಾಖೆಯ ಹಳೆಯ ಪದ್ಧತಿಯೂ ಇದೇ ಅಲ್ಲವೆ?

ಬ್ಯಾಕಪ್‌ನ ಖಾತೆ ಬೇರೆಯಾಗಿರಬೇಕೆನ್ನಲು ಇನ್ನೊಂದು ಕಾರಣವಿದೆ. ದತ್ತಾಂಶವನ್ನು ಒತ್ತೆಯಿಡುವ ರ‍್ಯಾನ್ಸಮ್‌ವೇರ್ ದಾಳಿಕೋರರು ಮೊದಲು ಹುಡುಕುವುದು ಬ್ಯಾಕಪ್ಪನ್ನೇ. 2022ರ ನವೆಂಬರ್‌ನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಐದು ಸರ್ವರುಗಳು ಇಂತಹ ದಾಳಿಗೆ ತುತ್ತಾದವು. ಹೊರರೋಗಿಗಳ ನೋಂದಣಿಯನ್ನು ದಿನಗಟ್ಟಲೆ ಕೈಬರಹದಲ್ಲೇ ನಡೆಸಬೇಕಾಯಿತು. ದಾಳಿ ತಲುಪದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ ಆಸ್ಪತ್ರೆಯ ದತ್ತಾಂಶ ಮರಳಿ ದೊರೆಯಿತು.

ಶಾಲಾ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದನ್ನು ಖರ್ಚಿಲ್ಲದೆ ಮಾಡಿ ನೋಡಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಲಿನಕ್ಸ್ ಯಂತ್ರಗಳನ್ನು ಸ್ಥಾಪಿಸಿ. ಮೊದಲನೆಯದರಲ್ಲಿ ಒಬ್ಬ ಬಳಕೆದಾರರ ಹೆಸರಿನಲ್ಲಿ ಒಂದು ಕಡತ ಮಾಡಿ, ಒಡೆಯರಲ್ಲದೆ ಬೇರಾರೂ ಓದದಂತೆ ಅನುಮತಿಯನ್ನು 600ಕ್ಕೆ ಇಡಿ. ಇನ್ನೊಬ್ಬ ಸಾಮಾನ್ಯ ಬಳಕೆದಾರರಾಗಿ ‘ಟಾರ್’ ಆದೇಶದಿಂದ ಅದರ ಬ್ಯಾಕಪ್ ತೆಗೆಯಲು ಹೋದರೆ ಅನುಮತಿ ಸಿಗದು. ರೂಟ್ ಖಾತೆಯಿಂದ ಸಿಗುತ್ತದೆ. ಈಗ ಆ ಬ್ಯಾಕಪ್ಪನ್ನು ಎರಡನೆಯ ಯಂತ್ರಕ್ಕೆ ಒಯ್ಯಿರಿ. ಸಾಮಾನ್ಯ ಬಳಕೆದಾರರು ಬಿಚ್ಚಿದರೆ ಕಡತ ಬಿಚ್ಚಿದವರದ್ದಾಗುತ್ತದೆ. ರೂಟ್ ಬಿಚ್ಚಿದರೆ ಟಾರ್ ಮೂಲ ಒಡೆಯರ ಹೆಸರನ್ನು ಹುಡುಕುತ್ತದೆ. ಆ ಹೆಸರಿನ ಖಾತೆ ಅಲ್ಲಿಲ್ಲದಿದ್ದರೆ ಅವರ ಸಂಖ್ಯೆಯನ್ನು, ಉದಾಹರಣೆಗೆ 1001ನ್ನು, ಬಳಸುತ್ತದೆ. ಎರಡನೆಯ ಯಂತ್ರದಲ್ಲಿ 1001 ಬೇರೊಬ್ಬರ ಸಂಖ್ಯೆಯಾಗಿದ್ದರೆ ಕಡತ ಸದ್ದಿಲ್ಲದೆ ಅವರ ಪಾಲಾಗುತ್ತದೆ.

ಹೆಗ್ಗಡದೇವನಕೋಟೆಯಿಂದ 2018ರಲ್ಲಿ ಸರಗೂರು ಬೇರೆ ತಾಲ್ಲೂಕಾಯಿತು. ಅದಕ್ಕೂ ಹಿಂದಿನ ಒಂದು ಬ್ಯಾಕಪ್ಪನ್ನು ಇಂದು ಮರಳಿಸಿದರೆ ಸರಗೂರಿನ ಊರುಗಳೆಲ್ಲ ಮತ್ತೆ ಕೋಟೆ ತಾಲ್ಲೂಕಿನಲ್ಲೇ ಕಾಣಿಸಿಕೊಳ್ಳುತ್ತವೆ. ಪ್ರಯೋಗದ ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ‘ಎಲ್‌ಎಸ್’ ಆದೇಶದಿಂದ ಒಡೆಯರ ಹೆಸರನ್ನು ಓದಲು ಹೇಳಿ, ಅದು ಯಾರದೆಂದು ಕೇಳಿ ನೋಡಿ.