ಟೈರು ಮೊದಲು, ಸೈಕಲ್ ಆಮೇಲೆ

ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಫ್ಲಿಂಟ್ ಹಿಲ್ಸ್ ಎಂಬ ಹುಲ್ಲುಗುಡ್ಡಗಳ ಸೀಮೆಯಿದೆ. ಮೇಲೆ ಹುಲ್ಲು, ಅದರಡಿ ಸುಣ್ಣಕಲ್ಲು, ಸುಣ್ಣಕಲ್ಲಿನೊಳಗೆ ಪದರು ಪದರಾಗಿ ಚಕಮಕಿ ಕಲ್ಲು. ಈ ಕಲ್ಲಿನ ದೆಸೆಯಿಂದಲೇ ಇಲ್ಲಿ ನೇಗಿಲು ನೆಲಕ್ಕಿಳಿಯಲಿಲ್ಲ, ಹುಲ್ಲುಗಾವಲು ಉಳಿದುಕೊಂಡಿತು. ಒಡೆದಾಗ ಹರಿತ ಅಂಚು ಬಿಡುವ ಅದೇ ಕಲ್ಲು ಇಲ್ಲಿನ ಹಳ್ಳಿ ರಸ್ತೆಗಳಿಗೆ ಜಲ್ಲಿಯೂ ಹೌದು. ಈ ರಸ್ತೆಗಳ ಮೇಲೆ 2006ರಲ್ಲಿ ಒಂದು ಸೈಕಲ್ ಓಟ ಶುರುವಾಯಿತು. ಎಂಪೋರಿಯಾ ಪಟ್ಟಣದಿಂದ ಹೊರಟು, 200 ಮೈಲಿ ಅಂದರೆ ಸುಮಾರು 320 ಕಿ.ಮೀ. ಸುತ್ತಿ, ಅಲ್ಲಿಗೇ ಮರಳಬೇಕು. ಈಗ ಅದರ ಹೆಸರು ಅನ್‌ಬೌಂಡ್ ಗ್ರಾವೆಲ್. ಮೊದಮೊದಲು ಅದು ಗಟ್ಟಿಗರ ಹುಚ್ಚಾಟದಂತಿತ್ತು. ಈಚಿನ ವರ್ಷಗಳಲ್ಲಿ ಮುಂದಾಳುಗಳ ಸರಾಸರಿ ವೇಗ ಗಂಟೆಗೆ 35 ಕಿ.ಮೀ. ದಾಟಿದೆ. ಅದೂ ಡಾಂಬರಿನ ಮೇಲಲ್ಲ, ಜಲ್ಲಿಯ ಮೇಲೆ.

ಆ ವೇಗ ಬಂದಾಗ ಸೈಕಲ್ ವಿನ್ಯಾಸಕರಿಗೆ ಎರಡು ದೂರುಗಳು ಒಟ್ಟಿಗೇ ಕೇಳಿಸತೊಡಗಿದವು. ಟೈರು ಹರಿಯಬಾರದು, ಕೈಕಾಲು ನಡುಗಬಾರದು ಎಂದರೆ ಅಗಲವಾದ ಟೈರು ಬೇಕು. ಗಾಳಿಯನ್ನು ಸೀಳಿ ಸಾಗಬೇಕೆಂದರೆ ಎಲ್ಲವೂ ತೆಳ್ಳಗಿರಬೇಕು. ಒಂದು ಕಡೆ ನೆಲ ಅಗಲ ಕೇಳುತ್ತದೆ, ಇನ್ನೊಂದು ಕಡೆ ಗಾಳಿ ತೆಳು ಕೇಳುತ್ತದೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು? ಲೆಕ್ಕ ಹಾಕಿಯೇ ನೋಡೋಣ.

ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 83 ಕಿಲೊ ಎಂದಿಟ್ಟುಕೊಳ್ಳಿ. ಸಮತಟ್ಟಾದ ದಾರಿ, ಗಾಳಿ ಬೀಸುತ್ತಿಲ್ಲ. ಸವಾರ ಬಾಗಿ ಕುಳಿತು ಗಂಟೆಗೆ 35 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿಯ ತಡೆಯನ್ನು ಮೀರಲು ಸುಮಾರು 175 ವಾಟ್ ಬೇಕಾಗುತ್ತದೆ. ಟೈರು ನೆಲದ ಮೇಲೆ ಉರುಳುವಾಗಿನ ತಡೆಗೆ ಸುಮಾರು 80 ವಾಟ್. ಗಾಳಿಯ ಪಾಲೇ ದೊಡ್ಡದು. ಆದರೆ ಆ 175 ವಾಟ್‌ನಲ್ಲಿ ಮುಕ್ಕಾಲು ಪಾಲು ಖರ್ಚಾಗುವುದು ಸವಾರನ ಮೈಗೆ: ತಲೆ, ಭುಜ, ಎದೆ, ಆಡುವ ಕಾಲುಗಳಿಗೆ. ಸೈಕಲ್ಲಿನ ಪಾಲಿಗೆ ಬರುವುದು ಉಳಿದ ಕಾಲು ಭಾಗ. ಅದರಲ್ಲಿ ಟೈರಿನ ಪಾಲು ಇನ್ನೂ ಸಣ್ಣದು.

ಈಗ 40 ಮಿ.ಮೀ. ಟೈರು ತೆಗೆದು 55 ಮಿ.ಮೀ. ಟೈರು ಹಾಕಿದೆವು ಎನ್ನಿ. ಎದುರಿನಿಂದ ನೋಡಿದರೆ 15 ಮಿ.ಮೀ. ಅಗಲ, 700 ಮಿ.ಮೀ. ಎತ್ತರದ ಒಂದು ಪಟ್ಟಿ ಹೆಚ್ಚಾಯಿತು. ಅದು ನೂರು ಚದರ ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಸವಾರನೂ ಸೈಕಲ್ಲೂ ಸೇರಿ ಗಾಳಿಗೆ ಒಡ್ಡುವ ಮೈ ನಾಲ್ಕೂವರೆ ಸಾವಿರ ಚದರ ಸೆಂಟಿಮೀಟರಿನಷ್ಟು ಇರುತ್ತದೆ. ಏರಿದ್ದು ಶೇಕಡಾ ಎರಡರ ಆಸುಪಾಸು. ಅದೇ ಪ್ರಮಾಣದಲ್ಲಿ ತಡೆ ಹೆಚ್ಚಿದರೆ 4 ವಾಟ್ ನಷ್ಟ. ಧಾರಾಳವಾಗಿ ಅದರ ಇಮ್ಮಡಿ ಹಿಡಿದರೂ 8 ವಾಟ್. ಇನ್ನೊಂದು ತಟ್ಟೆಯಲ್ಲಿ ಉರುಳು ತಡೆಯನ್ನು ಇಡಿ. ಒರಟು ಜಲ್ಲಿಯ ಮೇಲೆ ಅಗಲ ಟೈರು ಆ ತಡೆಯ ಗುಣಾಂಕವನ್ನು 0.010ರಿಂದ 0.008ಕ್ಕೆ ಇಳಿಸಿದರೆ ಸಾಕು, 16 ವಾಟ್ ಉಳಿತಾಯ. ಗಾಳಿಗೆ ಕೊಟ್ಟದ್ದನ್ನು ನೆಲ ಇಮ್ಮಡಿಯಾಗಿ ತೀರಿಸಿತು.

ಅಗಲವಾದರೆ ಸಲೀಸಾಗಿ ಉರುಳುವುದೇಕೆ? ಟೈರು ನೆಲಕ್ಕೆ ಹೆಚ್ಚು ಅಂಟುವುದಿಲ್ಲವೇ ಎಂಬ ಅನುಮಾನ ಸಹಜ. ಉತ್ತರ ಟೈರಿನಷ್ಟೇ ಸವಾರನ ಮೈಯಲ್ಲೂ ಇದೆ. ಗಟ್ಟಿಯಾದ ಸಣ್ಣ ಟೈರು ಕಲ್ಲು ಹತ್ತಿದಾಗಲೆಲ್ಲ ಇಡೀ ಸೈಕಲ್ಲನ್ನೂ ಮೇಲಿರುವ ಮನುಷ್ಯನನ್ನೂ ಎತ್ತಿ ಕುಕ್ಕುತ್ತದೆ. ಆ ಕುಲುಕಾಟ ತೊಡೆ, ಬೆನ್ನು, ಹೊಟ್ಟೆಯ ಮೃದು ಭಾಗಗಳಲ್ಲಿ ಶಾಖವಾಗಿ ಕರಗಿಹೋಗುತ್ತದೆ. ಹಾಗೆ ಕರಗುವ ಶಕ್ತಿ ಬಂದದ್ದು ಅವನ ಕಾಲಿನಿಂದಲೇ. ಕಡಿಮೆ ಒತ್ತಡದ ಅಗಲ ಟೈರು ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ದಾಟುತ್ತದೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸಲು ಹೊರಟಾಗ. ಮರುವರ್ಷವೇ ಅಂಥ ಟೈರುಗಳು ಓಟದಲ್ಲೂ ಗೆಲ್ಲತೊಡಗಿದವು. ಹಿತವೂ ವೇಗವೂ ಒಂದೇ ಕಡೆಯಿಂದ ಬರಬಲ್ಲವು ಎಂಬ ಪಾಠ ಅಷ್ಟು ಹಳೆಯದು. ನಡುವೆ ಡಾಂಬರು ನುಣುಪಾಯಿತು, ಟೈರು ಸಪೂರವಾಯಿತು, ಪಾಠ ಮರೆತುಹೋಯಿತು.

ಹಾಗಾದರೆ ಅಗಲ ಟೈರು ಇರಲೇಬೇಕು. ವಿನ್ಯಾಸಕನ ನಿಜವಾದ ಕೆಲಸ ಇಲ್ಲಿಂದ ಶುರು. ಗಾಳಿಗೆ ಅಗಲ ಅಷ್ಟಾಗಿ ತೊಂದರೆಯಲ್ಲ. ಅಗಲದ ಹಿಂದೆ ಏನಿದೆ ಎಂಬುದು ತೊಂದರೆ. ದಪ್ಪ ಮೂಗಿನ ವಸ್ತುವೂ ಹಿಂದಕ್ಕೆ ಹದವಾಗಿ ಕಿರಿದಾದರೆ ಗಾಳಿ ಅದರ ಮೈ ಸವರಿಕೊಂಡೇ ಹೋಗುತ್ತದೆ. ಸಪೂರ ವಸ್ತುವೂ ಥಟ್ಟನೆ ಮುಗಿದರೆ ಹಿಂದೆ ಸುಳಿ ಏಳುತ್ತದೆ. ಆ ಸುಳಿಯಲ್ಲಿ ಗಾಳಿಯ ಒತ್ತಡ ಕಡಿಮೆ, ಅದು ಸೈಕಲ್ಲನ್ನು ಹಿಂದಕ್ಕೆ ಜಗ್ಗುತ್ತದೆ. ಸೈಕಲ್ಲಿನಲ್ಲಿ ಗಾಳಿಗೆ ಮೊದಲು ಸಿಗುವುದು ಮುಂದಿನ ಟೈರು. ಅದೇ ಮೂಗು. ರಿಮ್, ಫೋರ್ಕು, ಫ್ರೇಮಿನ ಕೆಳಗೊಳವೆ ಎಲ್ಲ ಅದರ ಹಿಂದಿನ ಮೈ.

ಹೀಗೆ ಯೋಚಿಸಿ ಮೊದಲಿಗೆ ಸೈಕಲ್ ಮಾಡಿದವರಲ್ಲಿ ಡಚ್ ಎಂಜಿನಿಯರ್ ಜೆರಾರ್ಡ್ ವ್ರೂಮೆನ್ ಒಬ್ಬರು. 1995ರಲ್ಲಿ ಫಿಲ್ ವೈಟ್ ಜೊತೆ ಸರ್ವೆಲೋ ಕಂಪನಿ ಕಟ್ಟಿ, ಗಾಳಿ ಸೀಳುವ ರಸ್ತೆ ಸೈಕಲ್ಲುಗಳಿಂದ ಹೆಸರಾದವರು. 2016ರಲ್ಲಿ 3ಟಿ ಕಂಪನಿಗಾಗಿ ಅವರು ರೂಪಿಸಿದ ಎಕ್ಸ್‌ಪ್ಲೋರೋ, ಗಾಳಿಯ ಲೆಕ್ಕದಿಂದಲೇ ಹುಟ್ಟಿದ ಗ್ರಾವೆಲ್ ಬೈಕ್, ಅಂದರೆ ಜಲ್ಲಿ ದಾರಿಯ ಸೈಕಲ್. ರಸ್ತೆ ಸೈಕಲ್ಲುಗಳನ್ನು ಗಾಳಿ ಸುರಂಗದಲ್ಲಿ ಗಂಟೆಗೆ 48 ಕಿ.ಮೀ. ಆಸುಪಾಸಿನಲ್ಲಿ ಪರೀಕ್ಷಿಸುವುದು ರೂಢಿ. ಇದನ್ನು ಪರೀಕ್ಷಿಸಿದ್ದು 32 ಕಿ.ಮೀ. ವೇಗದಲ್ಲಿ, ಅದೂ ಬಾಟಲಿ ಸಿಕ್ಕಿಸಿ, ಕೆಸರು ಮೆತ್ತಿ. ಸವಾರರು ನಿಜವಾಗಿ ಹೋಗುವ ಸ್ಥಿತಿಯೇ ಪರೀಕ್ಷೆಯ ಸ್ಥಿತಿಯಾಗಬೇಕು ಎಂಬ ಹಟ ಅದರಲ್ಲಿತ್ತು. ಅಗಲ ಟೈರಿನ ಹಿಂದೆ ಸಪೂರ ಕೊಳವೆ ಇಟ್ಟರೆ ಟೈರು ಕದಡಿದ ಗಾಳಿ ಎಲ್ಲೆಲ್ಲೋ ಚದುರುತ್ತದೆ. ಅದಕ್ಕೆ ಕೆಳಗೊಳವೆಯನ್ನೂ ಅಗಲ ಮಾಡಿ ಟೈರಿನ ನೆರಳಿಗೆ ಹೊಂದಿಸಿದರು. 2020ರ ರೇಸ್‌ಮ್ಯಾಕ್ಸ್ ಮಾದರಿಯಲ್ಲಿ ಆ ಕೊಳವೆ ಕೆಳಗಿಳಿಯುತ್ತಾ ಇನ್ನೂ ಅಗಲವಾಗುತ್ತದೆ. ಅಲ್ಲಿ ನೀರಿನ ಬಾಟಲಿ ಕೂರುತ್ತದೆ; ಬಾಟಲಿಯ ವ್ಯಾಸ ಸುಮಾರು 73 ಮಿ.ಮೀ. ಕೊಳವೆ ಅದಕ್ಕೆ ಮರೆಯಾಗಿ ನಿಂತರೆ ಬಾಟಲಿ ಎದುರುಗಾಳಿಗೆ ಅಷ್ಟಾಗಿ ತಗಲುವುದಿಲ್ಲ.

ರಿಮ್ಮಿನ ವಿಷಯದಲ್ಲಿ ಈ ರಂಗದವರು 105ರ ನಿಯಮ ಎಂದು ಒಂದು ಮಾತು ಹೇಳುತ್ತಾರೆ. ಚಕ್ರ ವಿನ್ಯಾಸಕ ಜಾಶ್ ಪೋರ್ಟ್‌ನರ್ ಹೆಸರಿನೊಂದಿಗೆ ಬೆಸೆದುಕೊಂಡ ಮಾತು ಅದು. ಟೈರನ್ನು ಸವರಿ ಬಂದ ಗಾಳಿ ರಿಮ್ಮಿಗೆ ಅಂಟಿಕೊಳ್ಳಬೇಕಾದರೆ ರಿಮ್ಮಿನ ಅಗಲ ಟೈರಿನ ಅಗಲದ ಶೇಕಡಾ 105 ಇರಬೇಕು. 28 ಮಿ.ಮೀ. ಟೈರಿಗೆ 29.4 ಮಿ.ಮೀ. ರಿಮ್ಮು, ಸುಲಭ. 50 ಮಿ.ಮೀ. ಟೈರಿಗೆ 52.5 ಮಿ.ಮೀ. ರಿಮ್ಮು ಬೇಕು. ಅಷ್ಟು ಅಗಲದ ರಿಮ್ಮು ಭಾರವಾಗುತ್ತದೆ, ಟೈರಿನ ಆಕಾರವನ್ನೂ ಚಪ್ಪಟೆ ಮಾಡುತ್ತದೆ. ಆದ್ದರಿಂದ ನಿಯಮವನ್ನು ಪೂರ್ತಿ ಪಾಲಿಸಲಾಗದೆ, ಹತ್ತಿರ ಹೋಗಲು ನೋಡುತ್ತಾರೆ. ಹಿಂದೆ 25 ಮಿ.ಮೀ. ಸುತ್ತಮುತ್ತ ಇದ್ದ ರಿಮ್ಮುಗಳು ಈಗ 40 ಮಿ.ಮೀ. ಮುಟ್ಟಿವೆ.

ಉರುಳುವ ಚಕ್ರದಲ್ಲಿ ಇನ್ನೊಂದು ಚೋದ್ಯವಿದೆ. ಸೈಕಲ್ ಗಂಟೆಗೆ 35 ಕಿ.ಮೀ. ಹೋಗುವಾಗ ಟೈರಿನಲ್ಲಿ ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಶ್ಚಲ. ನಡುವಿನ ಅಚ್ಚು 35 ಕಿ.ಮೀ. ವೇಗದಲ್ಲಿದೆ. ನೆತ್ತಿಯ ಬಿಂದು ಮಾತ್ರ 70 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ತಡೆಯ ಬಲ ವೇಗದ ವರ್ಗದಂತೆ ಏರುವುದರಿಂದ ನೆತ್ತಿಯ ಕಡೆ ಅದು ನಾಲ್ಕು ಪಟ್ಟಾಗುತ್ತದೆ. ಫೋರ್ಕಿನ ಕವಲು ಕೂಡುವುದು ಸರಿಯಾಗಿ ಅಲ್ಲೇ. ಟೈರಿಗೂ ಫೋರ್ಕಿಗೂ ನಡುವಿನ ಕಿರುಸಂದಿಯಲ್ಲಿ ಚಕ್ರ ಮುಂದಕ್ಕೆ ತಳ್ಳುವ ಗಾಳಿ, ಎದುರಿನಿಂದ ಬರುವ ಗಾಳಿ ಎರಡೂ ಸಿಕ್ಕಿ ನುಗ್ಗಾಡುತ್ತವೆ. ಸಂದಿಯನ್ನು ಹಿಗ್ಗಿಸುವುದೇ ಒಳ್ಳೆಯದು ಎಂಬುದಕ್ಕೆ ಟ್ರ್ಯಾಕ್ ಓಟದಲ್ಲಿ ಸಾಕ್ಷಿಯಿದೆ. ಟೋಕಿಯೊ ಒಲಿಂಪಿಕ್ಸಿಗೆ ಬ್ರಿಟನ್ ತಂಡ ತಂದ ಹೋಪ್–ಲೋಟಸ್ ಸೈಕಲ್ಲಿನಲ್ಲಿ ಫೋರ್ಕಿನ ಕಾಲುಗಳು ಚಕ್ರದಿಂದ ಬಹಳ ದೂರ, ಸವಾರನ ಕಾಲುಗಳ ನೇರಕ್ಕೆ ನಿಂತಿದ್ದವು. ಅಗಲವಾದದ್ದೆಲ್ಲ ನಿಧಾನವೆಂಬ ನಂಬಿಕೆ ಅಲ್ಲೇ ಬಿದ್ದುಹೋಗಿತ್ತು.

ಗ್ರಾವೆಲ್ ಬೈಕಿಗೆ ಆ ಸಂದಿ ಬೇಕಾಗಲು ಕೆಸರೂ ಒಂದು ಕಾರಣ. 2023ರ ಅನ್‌ಬೌಂಡ್‌ನಲ್ಲಿ ಮಳೆಯಾಗಿ, ಓಟದ ಆರಂಭದ ಒಂದು ತುಣುಕು ದಾರಿ ಅಂಟುಮಣ್ಣಾಗಿತ್ತು. ನಮ್ಮ ಗದಗ, ವಿಜಯಪುರದ ಎರೆಹೊಲದಲ್ಲಿ ಮಳೆ ಬಂದಾಗ ಚಪ್ಪಲಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರವಾಗುವ ಮಣ್ಣಿನಂತೆ ಅದು ಚಕ್ರಕ್ಕೆ ಸುತ್ತಿಕೊಂಡಿತು. ಸವಾರರು ಸೈಕಲ್ಲನ್ನು ಹೆಗಲಿಗೇರಿಸಿ ನಡೆದರು, ಮರದ ಪಟ್ಟಿಯಿಂದ ಮಣ್ಣು ಕೆರೆದರು. ಸಂದಿ ಕಿರಿದಾಗಿದ್ದವರು ಹೆಚ್ಚು ಕೆರೆಯಬೇಕಾಯಿತು.

ಎಲ್ಲಕ್ಕಿಂತ ಬಿಕ್ಕಟ್ಟಿನ ಜಾಗ ಪೆಡಲಿನ ಅಚ್ಚಿನ ಹಿಂದೆ ಇದೆ. ಅಚ್ಚಿನಿಂದ ಹಿಂದಿನ ಚಕ್ರದ ನಡುವಿಗೆ 425 ಮಿ.ಮೀ. ಎಂದಿಟ್ಟುಕೊಳ್ಳೋಣ. 50 ಮಿ.ಮೀ. ಟೈರು ಹಾಕಿದ ಚಕ್ರದ ತ್ರಿಜ್ಯ ಸುಮಾರು 361 ಮಿ.ಮೀ. ಹಾಗಾಗಿ ಟೈರಿನ ಮುಂದಿನ ತುದಿ ಅಚ್ಚಿಗೆ 64 ಮಿ.ಮೀ. ಹತ್ತಿರ ಬರುತ್ತದೆ. 42 ಹಲ್ಲಿನ ಚೈನ್‌ಚಕ್ರದ ತ್ರಿಜ್ಯ 85 ಮಿ.ಮೀ. ಅಂದರೆ ಟೈರೂ ಚೈನ್‌ಚಕ್ರವೂ ಅಕ್ಕಪಕ್ಕ ಮೈ ತಾಗುವಷ್ಟು ಸಮೀಪ ಬರುತ್ತವೆ, ಹಿಂಬದಿಯ ಗೂಟವಾದ ಚೈನ್‌ಸ್ಟೇ ಅವೆರಡರ ನಡುವೆಯೇ ನುಸುಳಬೇಕು. ಅಡ್ಡಲಾಗಿ ಅಳೆದು ನೋಡಿ: ಫ್ರೇಮಿನ ನಡುಗೆರೆಯಿಂದ ಟೈರಿನ ಅರ್ಧ ಅಗಲ 25, ಕೆಸರಿಗೆ ಬಿಟ್ಟ ಸಂದಿ 6, ಒಟ್ಟು 31 ಮಿ.ಮೀ. ಚೈನು ಸಾಗುವುದು 47 ಮಿ.ಮೀ. ಸುಮಾರಿಗೆ. ಚೈನಿನ ದಪ್ಪ, ಅದು ಉಜ್ಜದಂತೆ ಬಿಡುವ ಜಾಗ ಕಳೆದರೆ ಗೂಟಕ್ಕೆ ಉಳಿಯುವುದು ಹತ್ತು ಮಿ.ಮೀ. ಸವಾರ ಎದ್ದುನಿಂತು ತುಳಿದಾಗಿನ ಬಲವೆಲ್ಲ ಬಂದು ಬೀಳುವುದು ಇಲ್ಲೇ. ಪೆಡಲುಗಳನ್ನು ಹೊರಕ್ಕೆ ಸರಿಸಿದರೆ ಜಾಗವೇನೋ ಸಿಗುತ್ತದೆ, ಆದರೆ ಸವಾರನ ಪಾದಗಳೂ ಅಗಲವಾಗಿ ಗಾಳಿಗೆ ಸಿಗುತ್ತವೆ.

ವ್ರೂಮೆನ್ ಕಂಡುಕೊಂಡ ದಾರಿ ಎಂದರೆ ಬಲಗಡೆಯ ಗೂಟವನ್ನು ಬಗ್ಗಿಸಿ ಚೈನ್‌ಚಕ್ರದ ಅಡಿಯಿಂದ ಹಾಯಿಸುವುದು. 2015ರ ಓಪನ್ ಯು.ಪಿ. ಸೈಕಲ್ಲಿನಲ್ಲೂ ಎಕ್ಸ್‌ಪ್ಲೋರೋದಲ್ಲೂ ಹೀಗೇ ಇದೆ. 2019ರ ಅಲೈಡ್ ಏಬಲ್ ಸೈಕಲ್ಲಿನವರು ತದ್ವಿರುದ್ಧ ಮಾಡಿ ಗೂಟವನ್ನು ಮೇಲಕ್ಕೆತ್ತಿದರು. ಮೇಲೋ ಕೆಳಗೋ, ಎರಡರ ನಡುವಿಂದ ಹೊರಬಂದರೆ ಗೂಟಕ್ಕೆ ಬೇಕಾದ ದಪ್ಪ ಸಿಗುತ್ತದೆ.

ಇನ್ನು ಅಡ್ಡಗಾಳಿ. ಬಯಲಾದ ಕನ್ಸಾಸ್‌ನಲ್ಲಿ ಅದಕ್ಕೆ ಬರವಿಲ್ಲ. ಸೆಕೆಂಡಿಗೆ 3 ಮೀಟರ್ ಅಡ್ಡಗಾಳಿ ಬೀಸುತ್ತಿದ್ದರೆ 50 ಕಿ.ಮೀ. ವೇಗದ ಸವಾರನಿಗೆ ಗಾಳಿ 12 ಡಿಗ್ರಿ ಓರೆಯಾಗಿ ಬಡಿಯುತ್ತದೆ, 35 ಕಿ.ಮೀ. ವೇಗದವನಿಗೆ 17 ಡಿಗ್ರಿ. ನಿಧಾನವಾದಷ್ಟೂ ಓರೆ ಹೆಚ್ಚು. ಉದ್ದ ಬಾಲದ ಚೂಪು ಕೊಳವೆಗಳಿಗಿಂತ ಬಾಲ ಕತ್ತರಿಸಿದ ಆಕಾರ ಇಂಥಲ್ಲಿ ಹೆಚ್ಚು ಅನುಕೂಲ. 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಕಾರುಗಳಿಗಾಗಿ ಶೋಧಿಸಿದ ಉಪಾಯವದು: ಬಾಲ ಪೂರ್ತಿ ಇಲ್ಲದಿದ್ದರೂ ಗಾಳಿ ಇದ್ದಂತೆಯೇ ಹರಿಯುತ್ತದೆ, ತೂಕವೂ ಉದ್ದವೂ ಉಳಿಯುತ್ತವೆ.

ಇಷ್ಟೆಲ್ಲ ಓಟಗಾರರಿಗಷ್ಟೇ ಎನ್ನುವವರಿಗಾಗಿ ಮೊದಲಿನ ಲೆಕ್ಕವನ್ನೇ 25 ಕಿ.ಮೀ. ವೇಗಕ್ಕೆ ಇಳಿಸಿ ನೋಡಬಹುದು. ಗಾಳಿಯ ಪಾಲು 175ರಿಂದ 64 ವಾಟ್‌ಗೆ ಕುಸಿಯುತ್ತದೆ, ಏಕೆಂದರೆ ಅದು ವೇಗದ ಘನದಂತೆ ಏರಿಳಿಯುವಂಥದ್ದು. ಉರುಳು ತಡೆ ವೇಗದಷ್ಟೇ ಇಳಿದು 57 ವಾಟ್ ಆಗುತ್ತದೆ. ಎರಡೂ ಹೆಚ್ಚುಕಡಿಮೆ ಸಮ. ಸಾಧಾರಣ ಸವಾರನಿಗೆ ನೆಲದ ಮಾತೇ ಇನ್ನಷ್ಟು ಮುಖ್ಯ ಎಂದಾಯಿತು. ವೇಗದವನು ಅಗಲ ಟೈರು ಹಾಕಿಕೊಂಡು ಗಾಳಿಗೆ ಉಪಾಯ ಹುಡುಕುತ್ತಾನೆ. ನಿಧಾನದವನು ಅಗಲ ಟೈರು ಹಾಕಿಕೊಂಡರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅಂಗಡಿಯಲ್ಲಿ ಗ್ರಾವೆಲ್ ಬೈಕ್ ನೋಡುವವರು ಕೊಳವೆಗಳ ಹೊಳಪಿಗೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಎಷ್ಟು ಮಿ.ಮೀ. ಟೈರು ಹಿಡಿಸುತ್ತದೆ?